ಟಿಂಕರಿಂಗ್ ಕಲೀತೀನಿ ಅಂದ ಹುಡುಗನಿಗೆ ನಾನು ಕೊಟ್ಟ ತಪ್ಪು ಉತ್ತರ

ಪೋಸ್ಟ್ ಉದ್ದ ಇದೆ. ಮೊದಲೇ ಹೇಳಿಬಿಡ್ತೀನಿ, ಇದರಲ್ಲಿ ಬೈಸಿಕೊಳ್ಳೋರ ಪಟ್ಟಿಯಲ್ಲಿ ಮೊದಲ ಹೆಸರು ನಂದೇ.

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ಮ ಕೇರಿಯ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ಫಿಫ್ಟಿ ಎಯ್ಟ್ ಪರ್ಸೆಂಟ್ ಬಂದೈತೆ. ಐಟಿಐಗೆ ಅರ್ಜಿ ಹಾಕ್ಬೇಕು ಅಂತಿದೀನಿ. ಗಾಡಿ ಬಾಡಿ ರಿಪೇರಿದು ಒಂದು ಟ್ರೇಡ್ ಐತಂತೆ, ಒಂದೇ ವರ್ಷ. ಸೇರ್ಕಳ್ಳಾ?" ನಾನು ಆವಾಗ ಒಂದು ಸಭೆಯ ಪಾಂಪ್ಲೆಟ್ ಪ್ರೂಫ್ ನೋಡ್ತಾ ಕೂತಿದ್ದೆ. "ಯಾಕೋ, ಪಿಯುಸಿ ಓದೋಕೆ ಏನ್ ರೋಗ ನಿಂಗೆ? ಬಾಬಾಸಾಹೇಬ್ರು ಪುಸ್ತಕ ಹಿಡಿ ಅಂದ್ರಾ, ಸುತ್ತಿಗೆ ಹಿಡಿ ಅಂದ್ರಾ?" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಸರಿ ಅಣ್ಣ" ಅಂದು ಇಟ್ಟ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ ಅಂತೆಲ್ಲ ಡೈಲಾಗ್ ಹೊಡೆಯಲ್ಲ. ಚೆನ್ನಾಗೇ ನಿದ್ದೆ ಬಂತು. ಸಂಘಟನೆಯಲ್ಲಿ ಇಪ್ಪತ್ತು ವರ್ಷ ಇದ್ದವನಿಗೆ ಇಂಥ ಉತ್ತರಗಳು ಬಾಯಿಪಾಠ ಆಗಿರ್ತವೆ. ಎರಡು ತಿಂಗಳಾದ ಮೇಲೆ ಅದೇ ಹುಡುಗನನ್ನ ಹೈವೇ ಪಕ್ಕದ ಒಂದು ಗ್ಯಾರೇಜಿನ ಮುಂದೆ ನೋಡಿದೆ. ಪಿಯುಸಿಗೂ ಸೇರಿಲ್ಲ, ಐಟಿಐಗೂ ಸೇರಿಲ್ಲ. ಕ್ಯಾಂಟರ್ ಡೋರಿಗೆ ವಾಟರ್ ಪೇಪರ್ ಹಾಕಿ ಉಜ್ಜುತ್ತಾ ಕೂತಿದ್ದ. ಕೈಯೆಲ್ಲಾ ಪುಟ್ಟಿ. "ಕೆಲ್ಸ ಕಲೀತಿದೀನಣ್ಣ, ದಿನಕ್ಕೆ ಇನ್ನೂರು ಕೊಡ್ತಾರೆ, ಮಧ್ಯಾಹ್ನದ ಊಟ ಅವರ್ದೇ" ಅಂದ.

ಅಂದ್ರೆ ಏನಾಯ್ತು? ಸುತ್ತಿಗೆ ಹಿಡೀಬೇಡ ಅಂತ ನಾನು ಹೇಳಿದ್ದಕ್ಕೆ ಅವನು ಸುತ್ತಿಗೆ ಬಿಡಲಿಲ್ಲ. ಸರ್ಟಿಫಿಕೇಟ್ ಬಿಟ್ಟ, ವಿದ್ಯಾರ್ಥಿವೇತನ ಬಿಟ್ಟ, ಅಪ್ರೆಂಟಿಸ್ ಕಾಯ್ದೆಯ ರಕ್ಷಣೆ ಬಿಟ್ಟ. ಕೆಲಸ ಅದೇ, ಕಾಗದ ಮಾತ್ರ ಇಲ್ಲ.

ಈಗ ಬಾಬಾಸಾಹೇಬರ ವಿಷಯಕ್ಕೆ ಬರೋಣ, ನಾನು ಅವರ ಹೆಸರು ಹೇಳಿ ಸುಳ್ಳು ಹೇಳಿದ್ದರಿಂದ. 1942ರ ಜುಲೈನಲ್ಲಿ ಅವರು ವೈಸರಾಯ್ ಕೌನ್ಸಿಲಿನ ಕಾರ್ಮಿಕ ಸದಸ್ಯರಾದರು. ಯುದ್ಧಕಾಲದ ತಾಂತ್ರಿಕ ತರಬೇತಿ ಯೋಜನೆ ಅವರ ಇಲಾಖೆಗೇ ಸೇರಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಬಗ್ಗೆ ವೈಸರಾಯ್‌ಗೆ ಒಂದು ದೊಡ್ಡ ಮನವಿ ಕೊಟ್ಟರು. ವಿಜ್ಞಾನ ಮತ್ತು ತಂತ್ರಜ್ಞಾನ ಓದೋ ಮಕ್ಕಳಿಗೆ ವಿದ್ಯಾರ್ಥಿವೇತನ, ವಿದೇಶದಲ್ಲಿ ಓದೋಕೆ ಹಣ, ಇವೆರಡು ನಮಗೆಲ್ಲ ಗೊತ್ತಿರೋದು, ಭಾಷಣದಲ್ಲಿ ಹೇಳ್ತೀವಿ. ಅದೇ ಮನವಿಯಲ್ಲಿ ಇನ್ನೊಂದು ಬೇಡಿಕೆ ಇದೆ, ಅದನ್ನ ನಾವು ಹೇಳಲ್ಲ. ಸರ್ಕಾರಿ ಮುದ್ರಣಾಲಯಗಳಲ್ಲಿ, ರೈಲ್ವೆ ವರ್ಕ್‌ಶಾಪ್‌ಗಳಲ್ಲಿ ನಮ್ಮ ಹುಡುಗರನ್ನ ಅಪ್ರೆಂಟಿಸ್‌ಗಳಾಗಿ ತಗೊಳ್ಳಿ ಅಂತ. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿದ ಮನುಷ್ಯ ರೈಲ್ವೆ ವರ್ಕ್‌ಶಾಪಿನ ಬಾಗಿಲು ತೆಗೀರಿ ಅಂತ ಕೇಳ್ತಾರೆ ಅಂದ್ರೆ ಅದಕ್ಕೊಂದು ಲೆಕ್ಕಾಚಾರ ಇರಲೇಬೇಕು.

ಲೆಕ್ಕ ಏನು ಅಂತ ತಿಳೀಬೇಕಾದ್ರೆ ಮುಂಬೈ ಬಟ್ಟೆ ಗಿರಣಿಗಳ ಕಡೆ ನೋಡಬೇಕು. ಅಲ್ಲಿ ಅಸ್ಪೃಶ್ಯ ಕಾರ್ಮಿಕರಿಗೆ ನೂಲುವ ವಿಭಾಗದಲ್ಲಿ ಕೆಲಸ ಇತ್ತು, ನೇಯ್ಗೆ ವಿಭಾಗಕ್ಕೆ ಪ್ರವೇಶ ಇರಲಿಲ್ಲ. ನೇಯ್ಗೆಯಲ್ಲಿ ನೂಲು ಕಿತ್ತುಹೋದರೆ ಬಾಯಿಂದ ಎಳೆದು ಸೇರಿಸಬೇಕಿತ್ತು. ಎಂಜಲು ತಾಗುತ್ತೆ ಅಂತ ಸವರ್ಣ ನೇಕಾರರು ಒಪ್ಪುತ್ತಿರಲಿಲ್ಲ. ಹೆಚ್ಚು ಕೂಲಿ ಇದ್ದ ವಿಭಾಗವೂ ಅದೇ. 1928ರ ಮುಷ್ಕರದ ಹೊತ್ತಲ್ಲಿ ಈ ಪ್ರಶ್ನೆಯನ್ನ ಬಾಬಾಸಾಹೇಬರು ಕಾರ್ಮಿಕ ನಾಯಕರ ಮುಖಕ್ಕೇ ಇಟ್ಟರು. ಯಂತ್ರ ಬಂದ ಕೂಡಲೇ ಜಾತಿ ಹೋಗಲ್ಲ, ಯಂತ್ರಗಳ ನಡುವೆಯೇ ಒಳ್ಳೆ ಯಂತ್ರ ಯಾರಿಗೆ, ಕೆಟ್ಟ ಯಂತ್ರ ಯಾರಿಗೆ ಅಂತ ಹಂಚಿಕೊಂಡು ಕೂರುತ್ತೆ. ಅದಕ್ಕೇ ಅವರು ಸರ್ಕಾರದ ವರ್ಕ್‌ಶಾಪನ್ನೇ ಕೇಳಿದ್ದು ಅಂತ ನನ್ನ ತಿಳುವಳಿಕೆ. ಅಲ್ಲಿ ಪ್ರಶ್ನೆ ಕೇಳಬಹುದು, ಪಾಲು ಕೇಳಬಹುದು.

ಈಗಿನ ಕಾರ್ ಶೋರೂಮ್ ಸರ್ವೀಸ್ ಸೆಂಟರಿಗೆ ಹೋಗಿ ನೋಡಿ. ಮುಂದೆ ಗಾಜಿನ ರೂಮು, ಎಸಿ, ಟ್ಯಾಬ್ ಹಿಡ್ಕೊಂಡ ಸರ್ವೀಸ್ ಅಡ್ವೈಸರ್. ಅದರ ಹಿಂದೆ ಫ್ಲೋರ್, ಅಲ್ಲಿ ಟೆಕ್ನಿಷಿಯನ್‌ಗಳು. ಅದರ ಹಿಂದೆ ಬಾಡಿ ಶಾಪ್, ಡೆಂಟಿಂಗ್, ಪೇಂಟಿಂಗ್. ಕಟ್ಟಕಡೆಗೆ, ಸಾಮಾನ್ಯವಾಗಿ ಕಾಂಪೌಂಡ್ ಗೋಡೆಗೆ ಅಂಟಿಕೊಂಡು, ವಾಷಿಂಗ್. ಯಾರು ಎಲ್ಲಿದಾರೆ ಅಂತ ಹೆಸರು ಕೇಳ್ತಾ ಹೋಗಿ. ಇದೇನು ಸರ್ವೆ ಅಲ್ಲ, ನಾನು ನಮ್ಮ ಜಿಲ್ಲೆಯಲ್ಲಿ ಮೂರ್ನಾಲ್ಕು ಕಡೆ ಕಂಡಿದ್ದು. ಗಾಜಿನ ರೂಮಿಂದ ಕಾಂಪೌಂಡ್ ಗೋಡೆ ಕಡೆಗೆ ನಡೀತಾ ಹೋದಂಗೆ ನಮ್ಮವರ ಸಂಖ್ಯೆ ಜಾಸ್ತಿ ಆಗುತ್ತೆ. ಊರಿನ ನಕ್ಷೆಯನ್ನೇ ತಂದು ಶೋರೂಮ್ ಪ್ಲಾನ್ ಮಾಡಿದಂಗಿದೆ. ಜಾತಿ ಯಾರೂ ಕೇಳಲ್ಲ. "ಯಾವೂರು, ಊರಲ್ಲಿ ಎಲ್ಲಿ ಬರುತ್ತೆ ಮನೆ" ಅಂತಾರೆ, ಅಷ್ಟು ಸಾಕು.

ಇನ್ನು ಹೈವೇ ಪಕ್ಕದ, ಬಸ್‌ಸ್ಟಾಂಡ್ ಹಿಂದಿನ ಗ್ಯಾರೇಜುಗಳ ಕಥೆ ಬೇರೆ. ನಮ್ಮ ಕಡೆ ಈ ವಿದ್ಯೆಯನ್ನ ಉಳಿಸಿ ಬೆಳೆಸಿದವರಲ್ಲಿ ದೊಡ್ಡ ಪಾಲು ಮುಸ್ಲಿಂ ಉಸ್ತಾದರದ್ದು. ಒಂದು ಕೈಯಲ್ಲಿ ಡಾಲಿ, ಇನ್ನೊಂದರಲ್ಲಿ ಸುತ್ತಿಗೆ ಹಿಡಿದು, ಒಳಗಿಂದ ಕೊಟ್ಟು ಹೊರಗಿಂದ ತಟ್ಟಿ, ಅಪ್ಪಚ್ಚಿಯಾದ ಮಡ್‌ಗಾರ್ಡನ್ನ ಅಂಗೈಯಲ್ಲಿ ಸವರಿ ನೋಡಿ "ಇನ್ನೂ ಒಂದ್ ನೂಲು ಎದ್ದೈತೆ" ಅನ್ನೋರು. ನನ್ನ ತಮ್ಮ ಕೆಲಸ ಕಲಿತಿದ್ದು ಅಂಥ ಒಬ್ಬ ಉಸ್ತಾದರ ಹತ್ರ. ಒಂದೇ ತಟ್ಟೆಯಲ್ಲಿ ಉಂಡವರು. ಊರ ಹೋಟೆಲಲ್ಲಿ ನಮಗೆ ಬೇರೆ ಲೋಟ ಇದ್ದ ಕಾಲದಲ್ಲಿ ಅವರ ಮನೆಯಿಂದ ಬರ್ತಿದ್ದ ಟಿಫಿನ್ ಕ್ಯಾರಿಯರಲ್ಲಿ ತಮ್ಮನ ಪಾಲೂ ಇರ್ತಿತ್ತು. ಇದನ್ನ ದಾಖಲೆಗೆ ಬರೀತಿದೀನಿ, ಈಗ ಬೇರೆ ಥರದ ಮಾತುಗಳು ಜಾಸ್ತಿ ಆಗಿರೋದ್ರಿಂದ.

ತಮ್ಮನ ವಿಷಯ ಬಂತು, ಪೂರ್ತಿ ಹೇಳ್ತೀನಿ. ಅವನು ಪೇಂಟರ್. ಒಳ್ಳೆ ಪೇಂಟರ್. ಮೆಟಾಲಿಕ್ ಬಣ್ಣ ಮ್ಯಾಚ್ ಮಾಡೋದ್ರಲ್ಲಿ ಅವನ ಕಣ್ಣಿಗೆ ಬೆಲೆ ಇತ್ತು. ಹದಿನಾರು ವರ್ಷ ಸ್ಪ್ರೇ ಗನ್ ಹಿಡಿದ. ಶೆಡ್ಡಿಗೆ ಧೂಳು ಬರಬಾರದು ಅಂತ ಟಾರ್ಪಲ್ ಬಿಟ್ಟುಕೊಂಡು, ಮೂಗಿಗೆ ಒದ್ದೆ ಕರ್ಚೀಫ್ ಕಟ್ಕೊಂಡು ಹೊಡೀತಿದ್ದ. ಈಗಿನ ಕಾರುಗಳಿಗೆ ಹೊಡೆಯೋದು ಟೂ-ಕೆ ಪೇಂಟು, ಅಂದ್ರೆ ಬಣ್ಣಕ್ಕೆ ಹಾರ್ಡ್‌ನರ್ ಬೆರೆಸಿ ಹೊಡೆಯೋದು. ಆ ಹಾರ್ಡ್‌ನರಲ್ಲಿ ಐಸೊಸಯನೇಟ್ ಅನ್ನೋ ರಾಸಾಯನಿಕ ಇರುತ್ತೆ. ಥಿನ್ನರ್ ಥರ ಇದು ವಾಸನೆ ಹೊಡೆದು ಎಚ್ಚರಿಸಲ್ಲ. ಮೂಗಿಗೆ ಗೊತ್ತಾಗೋ ಮೊದಲೇ ಅಪಾಯದ ಮಟ್ಟ ದಾಟಿರುತ್ತೆ. ಇದರಿಂದ ಬರೋದು ಆಸ್ತಮಾ. ಒಂದು ಸಲ ದೇಹ ಇದಕ್ಕೆ ತಿರುಗಿಬಿತ್ತು ಅಂದ್ರೆ ಆಮೇಲೆ ಚೂರು ತಾಗಿದ್ರೂ ಉಸಿರು ಕಟ್ಟುತ್ತೆ. ಇದನ್ನ ಹೊಡೆಯೋಕೆ ಗಾಳಿ ಎಳೆಯೋ ಬೂತ್ ಬೇಕು, ಹೊರಗಿಂದ ಶುದ್ಧ ಗಾಳಿ ಪೈಪಲ್ಲಿ ಬರೋ ಮುಖವಾಡ ಬೇಕು, ಕೈಗೆ ಗ್ಲೌಸ್ ಬೇಕು. ಕರ್ಚೀಫ್ ಅಲ್ಲ. ನನ್ನ ತಮ್ಮನಿಗೆ ಇದನ್ನ ಹೇಳಿದ ಮೊದಲ ವ್ಯಕ್ತಿ ಎದೆ ಡಾಕ್ಟರು, ಅದೂ ಇನ್‌ಹೇಲರ್ ಬರೆದುಕೊಟ್ಟ ದಿನ. ಉಸ್ತಾದರಿಗೂ ಗೊತ್ತಿರಲಿಲ್ಲ, ಅವರೂ ಕೆಮ್ಮುತ್ತಲೇ ಹೋದರು.

ತರಬೇತಿ ಅಂದ್ರೆ ನನಗೆ ಈಗ ಮೊದಲು ನೆನಪಾಗೋದು ಇದು. ಡೆಂಟ್ ತೆಗೆಯೋದನ್ನ ಉಸ್ತಾದರು ಐಟಿಐಗಿಂತ ಚೆನ್ನಾಗಿ ಕಲಿಸ್ತಾರೆ, ಅದರಲ್ಲಿ ಅನುಮಾನ ಇಲ್ಲ. ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಅನ್ನೋದನ್ನ ಕಲಿಸಬೇಕಾದ್ದು ಕಾಲೇಜು.

ಡೆಂಟ್ ತೆಗೆಯೋ ವಿದ್ಯೆಯೂ ಮೊದಲಿನಂಗಿಲ್ಲ ಬಿಡಿ. ಅಂಬಾಸಿಡರ್ ತಗಡು ಬೇರೆ, ಈಗಿನ ಕಾರಿನ ತಗಡು ಬೇರೆ. ಬಾಗಿಲ ನಡುವಿನ ಕಂಬ ಇದೆಯಲ್ಲ, ಬಿ-ಪಿಲ್ಲರ್ ಅಂತಾರೆ, ಅದಕ್ಕೆ ಈಗ ಅತಿ ಗಟ್ಟಿ ಉಕ್ಕು ಹಾಕ್ತಾರೆ. ಹಳೇ ಪದ್ಧತಿಯಲ್ಲಿ ಗ್ಯಾಸ್ ಹಚ್ಚಿ ಕೆಂಪಗೆ ಮಾಡಿ ನೆಟ್ಟಗೆ ಮಾಡಿದ್ರೆ ನೋಡೋಕೆ ಸರಿಯಾಗಿ ಕಾಣುತ್ತೆ, ಒಳಗೆ ಗಟ್ಟಿತನ ಹೋಗಿರುತ್ತೆ. ಮುಂದಿನ ಆಕ್ಸಿಡೆಂಟಲ್ಲಿ ಅದು ಒಳಗೆ ಕೂತೋರನ್ನ ಕಾಯಲ್ಲ. ಅದನ್ನ ಕತ್ತರಿಸಿ, ಕಂಪನಿ ಹೇಳಿದ ಜಾಗದಲ್ಲೇ ವೆಲ್ಡ್ ಮಾಡಿ ಹೊಸದು ಕೂರಿಸಬೇಕು. ಎಲೆಕ್ಟ್ರಿಕ್ ಗಾಡಿ ಆದ್ರೆ ಕಿತ್ತಳೆ ಬಣ್ಣದ ವೈರು ಕಂಡ ಕಡೆ ಕೈ ಹಾಕೋ ಮೊದಲು ಬ್ಯಾಟರಿ ಕಡಿತ ಮಾಡಿರಬೇಕು, ಅದರಲ್ಲಿ ಓಡೋದು ನೂರಾರು ವೋಲ್ಟು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಿಗೆ ಸ್ಕ್ಯಾನರ್ ಹಾಕದೆ ರೋಗ ಗೊತ್ತಾಗಲ್ಲ. ಇದೆಲ್ಲ ನೋಡಿ ಕಲಿಯೋ ವಿದ್ಯೆ ಅಲ್ಲ. ಓದಬೇಕು, ಅಳೀಬೇಕು. ಸುತ್ತಿಗೆ ಬೇರೆ ಪುಸ್ತಕ ಬೇರೆ ಅಂತ ನಾನು ಆ ಹುಡುಗನಿಗೆ ಹೇಳಿದ್ನಲ್ಲ, ಗ್ಯಾರೇಜಿನಲ್ಲಿ ಆ ಗೋಡೆ ಬಿದ್ದು ಎಷ್ಟೋ ದಿನ ಆಗಿದೆ. ಗೊತ್ತಿಲ್ಲದೇ ಇದ್ದದ್ದು ನನಗೆ.

ಹಂಗಾದ್ರೆ ಐಟಿಐಗೆ ಹೋದ್ರೆ ಎಲ್ಲಾ ಸರಿಹೋಗುತ್ತಾ? ಇಲ್ಲ. ಆ ಹುಡುಗನನ್ನ ಗ್ಯಾರೇಜಲ್ಲಿ ನೋಡಿದ ಮೇಲೆ ನಾನು ಒಂದು ಸರ್ಕಾರಿ ಐಟಿಐಗೆ ಹೋಗಿ ಬಂದೆ. ಹೆಸರು ಬೇಡ, ಅಲ್ಲಿನ ಮೇಷ್ಟ್ರು ಒಳ್ಳೆಯವರು, ಟ್ರಾನ್ಸ್‌ಫರ್ ಆಗೋದು ಬೇಡ. ಮೋಟಾರ್ ಸೆಕ್ಷನಲ್ಲಿ ಅರ್ಧ ಕತ್ತರಿಸಿ ಬಣ್ಣ ಬಳಿದ ಎಂಜಿನ್ ಒಂದು ನಿಂತಿದೆ, ಕಾರ್ಬುರೇಟರ್ ಕಾಲದ್ದು. ವೆಲ್ಡಿಂಗ್ ಮಾಡೋಕೆ ರಾಡ್ ಲೆಕ್ಕ ಹಾಕಿ ಕೊಡ್ತಾರೆ. ಇಪ್ಪತ್ತು ಹುಡುಗರಿಗೆ ಬಡಿಯೋಕೆ ಒಂದೇ ಹಳೇ ಬಾಗಿಲು, ಸರದಿ ಪ್ರಕಾರ ಬಡಿದು ಬಡಿದು ಅದು ಬಾಗಿಲೇ ಅಲ್ಲ ಅನ್ನೋ ಸ್ಥಿತಿಗೆ ಬಂದಿದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನ 4,700 ಕೋಟಿಗೂ ಹೆಚ್ಚು ಖರ್ಚಿನಲ್ಲಿ ಟೆಕ್ನಾಲಜಿ ಹಬ್ ಮಾಡಿದ್ದೀವಿ ಅಂತ 2022ರ ಜೂನಲ್ಲಿ ಪ್ರಧಾನಿಗಳೇ ಬಂದು ಉದ್ಘಾಟನೆ ಮಾಡಿದ್ರಲ್ಲ, ಆ ಭಾಗ್ಯದ ಹೊಸ ಕಟ್ಟಡವೂ ಅದೇ ಕಾಂಪೌಂಡಲ್ಲಿದೆ. ಗಾಜು, ಟೈಲ್ಸು, ಕಂಪ್ಯೂಟರ್ ಯಂತ್ರಗಳು. ಚೆನ್ನಾಗಿದೆ, ಅಲ್ಲಗಳೆಯಲ್ಲ. ಮೋಟಾರ್ ಸೆಕ್ಷನ್ ಹುಡುಗರು ಅದನ್ನ ಎಷ್ಟು ಸಲ ಬಳಸಿದ್ರಿ ಅಂತ ಕೇಳಿದೆ. ಒಬ್ಬ ನಕ್ಕ, "ಸಾರ್, ಇನ್‌ಸ್ಪೆಕ್ಷನ್ ಇದ್ದಾಗ ಕರ್ಕೊಂಡೋಗ್ತಾರೆ" ಅಂದ. ಆ ಬ್ಯಾಚಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಅವಳ ಮೊದಲ ಬೇಡಿಕೆ ಸ್ಕ್ಯಾನರ್ ಅಲ್ಲ, ವರ್ಕ್‌ಶಾಪ್ ಹತ್ರ ಒಂದು ಟಾಯ್ಲೆಟ್.

ದುಡ್ಡಿನ ವಿಷಯ. ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನದಲ್ಲಿ ಕೋರ್ಸುಗಳನ್ನ ನಾಲ್ಕು ಗುಂಪು ಮಾಡಿದ್ದಾರೆ. ಐಟಿಐ ಬರೋದು ನಾಲ್ಕನೇ ಗುಂಪಲ್ಲಿ. ಮನೆಯಿಂದ ಓಡಾಡೋ ಎಸ್ಸಿ ವಿದ್ಯಾರ್ಥಿಗೆ 2021ರ ನಿಯಮದ ಪ್ರಕಾರ ವರ್ಷಕ್ಕೆ 2,500 ರೂಪಾಯಿ, ಹಾಸ್ಟೆಲಲ್ಲಿದ್ರೆ 4,000. ತಿಂಗಳಿಗಲ್ಲ ಸ್ವಾಮಿ, ವರ್ಷಕ್ಕೆ. ಮೊದಲನೇ ಗುಂಪಿನ ಕೋರ್ಸಿಗೆ ಇದೇ ಮೊತ್ತ 7,000 ಮತ್ತು 13,500. ಡಾಕ್ಟರ್ ಓದೋ ನಮ್ಮ ಮಕ್ಕಳಿಗೆ ಅದೂ ಸಾಲಲ್ಲ, ಅದು ಬೇರೆ ಮಾತು. ಆದ್ರೆ ನಾಲ್ಕನೇ ಗುಂಪಿನ ಹುಡುಗನಿಗೆ ಸೇಫ್ಟಿ ಶೂ ಬೇಕು, ಕನ್ನಡಕ ಬೇಕು, ಸ್ವಂತ ಸ್ಪ್ಯಾನರ್ ಸೆಟ್ ಬೇಕು, ಬಸ್ಸಿಗೆ ಬೇಕು. ಗುಂಪುಗಳನ್ನ ಹೀಗೆ ಮೇಲಿಂದ ಕೆಳಗೆ ನಾಲ್ಕು ಮಾಡೋಕೆ ಯಾರಿಗೆ ಹೊಳೀತೋ ಗೊತ್ತಿಲ್ಲ, ನಾಲ್ಕು ಅನ್ನೋ ಸಂಖ್ಯೆ ಮೇಲೆ ಈ ದೇಶಕ್ಕೆ ಅದೇನು ಪ್ರೀತಿಯೋ.

ನಾನು ಇಷ್ಟು ಹೇಳಿದ್ದಕ್ಕೆ ಗೆಳೆಯರೊಬ್ಬರು ಆಗಲೇ ಫೋನಲ್ಲಿ ಜಗಳ ತೆಗೆದಿದ್ದಾರೆ. "ನಮ್ಮ ಮಕ್ಕಳನ್ನ ಮತ್ತೆ ಕೈಕಸುಬಿಗೇ ತಳ್ಳೋ ಹುನ್ನಾರ ಇದು. ಅವರ ಮಕ್ಕಳು ಐಐಟಿಗೆ, ನಮ್ಮ ಮಕ್ಕಳು ಐಟಿಐಗೆ. ಒಂದಕ್ಷರ ವ್ಯತ್ಯಾಸ, ಸಾವಿರ ವರ್ಷದ ಅಂತರ. ನೀನು ಅದಕ್ಕೆ ಚಪ್ಪಾಳೆ ಹೊಡೀತೀಯ?" ಅಂತ. ಈ ಸಿಟ್ಟು ನನಗೆ ಅರ್ಥ ಆಗುತ್ತೆ, ಅರ್ಧ ಒಪ್ತೀನಿ ಕೂಡ. 1953ರಲ್ಲಿ ಮದ್ರಾಸಿನಲ್ಲಿ ರಾಜಾಜಿ ತಂದ ಶಿಕ್ಷಣ ಯೋಜನೆ ನೆನಪಿರಲಿ. ಮಕ್ಕಳು ಅರ್ಧ ದಿನ ಶಾಲೆ, ಇನ್ನರ್ಧ ಅಪ್ಪನ ಕಸುಬು ಕಲೀಲಿ ಅಂತ. ಪೆರಿಯಾರ್ ಅದನ್ನ ಕುಲಕಸುಬಿನ ಶಿಕ್ಷಣ ಅಂತ ಬೀದಿಗೆ ಎಳೆದರು, ಯೋಜನೆಯೂ ಹೋಯ್ತು, ರಾಜಾಜಿಯವರ ಕುರ್ಚಿಯೂ ಹೋಯ್ತು. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳ ಪಟ್ಟಿ ನೋಡಿದಾಗ ನನಗೂ ಅದೇ ವಾಸನೆ ಬಂತು. ತಮಿಳುನಾಡು ಸರ್ಕಾರ ಅದನ್ನ ಇದ್ದಂಗೇ ಜಾರಿ ಮಾಡಲ್ಲ ಅಂದಿದ್ದು ಸರಿಯಾಗೇ ಇದೆ.

ಆದ್ರೆ ಒಂದು ವ್ಯತ್ಯಾಸ ನೋಡಿ. ಕುಲಕಸುಬು ಅಂದ್ರೆ ಅಪ್ಪನ ಮನೆಯಿಂದ ಬರೋದು, ಬಿಟ್ಟು ಹೋಗೋಕಾಗದ್ದು. ಮೋಟಾರ್ ಮೆಕ್ಯಾನಿಕ್ ಯಾರ ಕುಲಕಸುಬು? ಯಾವ ಪುರಾಣದಲ್ಲಿದೆ? ನಮ್ಮಪ್ಪಂದಿರು ಸತ್ತ ದನ ಎಳೆದೋರು, ತಮಟೆ ಬಡಿದೋರು, ಜೀತ ಮಾಡಿದೋರು. ಎಂಜಿನ್ ಬಿಚ್ಚಿದೋರಲ್ಲ. ಇದು ನಮಗೆ ಯಾರೂ ಹೊರಿಸದ, ಊರಿಗೆ ಬೇಕೇಬೇಕಾದ, ಊರಿನ ಯಜಮಾನ ತನ್ನ ಬೊಲೆರೊ ತಂದು "ಸ್ವಲ್ಪ ನೋಡಪ್ಪಾ" ಅಂತ ಕಾಯಬೇಕಾದ ಕೆಲಸ. ಅದರ ರುಚಿ ಬೇರೆ, ನನ್ನ ತಮ್ಮನ ಶೆಡ್ಡಿನಲ್ಲಿ ಅದನ್ನ ನೋಡಿದ್ದೀನಿ. ಕಸುಬು ನಮ್ಮನ್ನ ಕಟ್ಟಿಹಾಕುತ್ತೋ ಬಿಡಿಸುತ್ತೋ ಅನ್ನೋದು ಸುತ್ತಿಗೆಯಲ್ಲಿಲ್ಲ. ಆ ಕೆಲಸದಿಂದ ಮೇಲಕ್ಕೆ ಹೋಗೋಕೆ ಮೆಟ್ಟಿಲು ಇದೆಯಾ, ಆ ಮೆಟ್ಟಿಲಲ್ಲಿ ನಮಗೆ ಪಾಲಿದೆಯಾ, ಅದರಲ್ಲಿದೆ.

ಮೆಟ್ಟಿಲು ಎಲ್ಲಿದೆ ಅಂತ ಹೇಳ್ತೀನಿ, ಇದು ಮಕ್ಕಳಿಗೆ ದಯವಿಟ್ಟು ತಿಳಿಸಿ. ಆಟೊ ಬಾಡಿ ರಿಪೇರಿ, ಆಟೊ ಬಾಡಿ ಪೇಂಟಿಂಗ್, ಡೀಸೆಲ್ ಮೆಕ್ಯಾನಿಕ್ ಇವೆಲ್ಲ ಒಂದು ವರ್ಷದ ಟ್ರೇಡ್‌ಗಳು. ಬಾಡಿ ರಿಪೇರಿ, ಪೇಂಟಿಂಗ್ ಎಲ್ಲಾ ಐಟಿಐಗಳಲ್ಲೂ ಇರಲ್ಲ. ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಎರಡು ವರ್ಷ. ಎರಡು ವರ್ಷದ ಐಟಿಐ ಮುಗಿಸಿದೋರು ಪಾಲಿಟೆಕ್ನಿಕ್‌ನಲ್ಲಿ ನೇರವಾಗಿ ಎರಡನೇ ವರ್ಷದ ಡಿಪ್ಲೊಮಾಗೆ ಸೇರಬಹುದು. ಡಿಪ್ಲೊಮಾ ಮುಗಿಸಿದೋರು ಡಿಸಿಇಟಿ ಬರೆದು ಎರಡನೇ ವರ್ಷದ ಬಿಇಗೆ ಸೇರಬಹುದು. ಅಂದ್ರೆ ಐಟಿಐ ಮತ್ತು ಎಂಜಿನಿಯರಿಂಗ್ ನಡುವೆ ಒಂದು ಕಾಲುದಾರಿ ಇದೆ. ಒಂದು ವರ್ಷ ಬೇಗ ಮುಗಿಯುತ್ತೆ, ಬೇಗ ದುಡೀಬಹುದು ಅಂತ ನಮ್ಮ ಹುಡುಗರು ಚಿಕ್ಕ ಟ್ರೇಡ್ ತಗೋತಾರೆ, ಮನೆ ಕಷ್ಟ ಹಂಗಿರುತ್ತೆ, ಆ ಕಾಲುದಾರಿ ಅಲ್ಲೇ ಮುಚ್ಚಿಹೋಗುತ್ತೆ. ಅವತ್ತು ಫೋನಲ್ಲಿ ನಾನು ಹೇಳಬೇಕಾಗಿದ್ದ ಉತ್ತರ ಇದು. ಪುಸ್ತಕನಾ ಸುತ್ತಿಗೆನಾ ಅಲ್ಲ. "ಒಂದು ವರ್ಷದ್ದು ಬೇಡ ಕಣೋ, ಎರಡು ವರ್ಷದ್ದು ಹಾಕು, ಹಾಸ್ಟೆಲ್ ನಾನು ನೋಡ್ತೀನಿ."

ಇನ್ನೊಂದು ಬಾಗಿಲು ಅಪ್ರೆಂಟಿಸ್. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ 3ಎ ಅಂತ ಒಂದು ಸೆಕ್ಷನ್ ಇದೆ. ತರಬೇತಿ ಸ್ಥಾನಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲು ಇಡಬೇಕು ಅಂತ. ಗಮನಿಸಿ, ಖಾಸಗಿ ವಲಯದಲ್ಲಿ ಮೀಸಲಾತಿ ಕೊಡಿ ಅಂತ ನಾವು ಗಂಟಲು ಹರ್ಕೋತೀವಿ, ಈ ಕಾಯ್ದೆ ಖಾಸಗಿ ಸಂಸ್ಥೆಗಳಿಗೂ ಅನ್ವಯ ಆಗುತ್ತೆ. ಮೂವತ್ತು ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಅಪ್ರೆಂಟಿಸ್ ತಗೊಳ್ಳೋದು ಕಡ್ಡಾಯ. ದೊಡ್ಡ ಶೋರೂಮುಗಳು ಇದರಲ್ಲಿ ಬರ್ತವೆ. 2019ರ ನಿಯಮದಲ್ಲಿ ಐಟಿಐ ಮುಗಿಸಿದೋರಿಗೆ ತಿಂಗಳಿಗೆ ಕನಿಷ್ಠ 7,000 ಸ್ಟೈಪೆಂಡ್ ಅಂತ ಇಟ್ಟರು. ನಮ್ಮ ಜಿಲ್ಲೆಯ ಶೋರೂಮುಗಳಲ್ಲಿ ಎಷ್ಟು ಅಪ್ರೆಂಟಿಸ್‌ಗಳಿದ್ದಾರೆ, ಅದರಲ್ಲಿ ನಮ್ಮವರೆಷ್ಟು, ಅವರು ಬಾನೆಟ್ ಎತ್ತಿ ಕೆಲಸ ಕಲೀತಿದಾರಾ ಅಥವಾ ವರ್ಷವಿಡೀ ಕಾರ್ ತೊಳೀತಿದಾರಾ? ಒಂದು ಆರ್‌ಟಿಐ ಅರ್ಜಿ ಹಾಕಿದ್ದೀವಾ ನಾವು? ನಾನಂತೂ ಹಾಕಿಲ್ಲ. ಪ್ರತಿಮೆ ಜಾಗದ ಬಗ್ಗೆ ಹನ್ನೊಂದು ಅರ್ಜಿ ಹಾಕಿದ್ದೀನಿ.

ಈಗ ನನಗೆ ನಿಜವಾಗಿ ಭಯ ಇರೋ ವಿಷಯ. ಈ ಟ್ರೇಡ್ ಓದಿದ ನಮ್ಮ ಹುಡುಗರಿಗೆ ಮರ್ಯಾದೆಯ ಕೆಲಸ, ಸಂಬಳ, ಪಿಎಫ್, ಕ್ವಾರ್ಟರ್ಸ್ ಕೊಟ್ಟಿದ್ದು ಸಾರಿಗೆ ಸಂಸ್ಥೆ. ಡಿಪೋ ಮೆಕ್ಯಾನಿಕ್‌ಗಳು, ಕೆಂಗೇರಿ, ಹಾಸನ, ಹುಬ್ಬಳ್ಳಿ, ಯಾದಗಿರಿಯ ಪ್ರಾದೇಶಿಕ ಕಾರ್ಯಾಗಾರಗಳು. ಗುಜರಿಗೆ ಹೋಗಬೇಕಿದ್ದ ಸಾವಿರಕ್ಕೂ ಹೆಚ್ಚು ಹಳೇ ಬಸ್ಸುಗಳನ್ನ ಕೆಎಸ್ಆರ್‌ಟಿಸಿ ತನ್ನದೇ ವರ್ಕ್‌ಶಾಪಲ್ಲಿ, ತನ್ನದೇ ನೌಕರರ ಕೈಲಿ ಹೊಸದು ಮಾಡಿಸಿ ರಸ್ತೆಗೆ ಬಿಟ್ಟಿದೆಯಲ್ಲ, ಆ ಬಸ್ಸಿನ ತಗಡು ಬಡಿದವರು, ಬಣ್ಣ ಹೊಡೆದವರು ಇಂಥದೇ ಐಟಿಐಗಳಿಂದ ಬಂದವರು. ಅಲ್ಲಿ ರೋಸ್ಟರ್ ಇತ್ತು, ಬ್ಯಾಕ್‌ಲಾಗ್ ಇತ್ತು, ಕೇಳೋ ಹಕ್ಕಿತ್ತು. 1942ರಲ್ಲಿ ಬಾಬಾಸಾಹೇಬರು ಕೇಳಿದ ಸರ್ಕಾರಿ ವರ್ಕ್‌ಶಾಪ್ ಅಂದ್ರೆ ನಮ್ಮ ಕಾಲದಲ್ಲಿ ಅದೇ.

2021ರ ಕೊನೆಯಿಂದ ಬಿಎಂಟಿಸಿಗೆ ಎಲೆಕ್ಟ್ರಿಕ್ ಬಸ್ಸುಗಳು ಬರ್ತಿವೆ. ಬಸ್ ಕಂಪನಿದು, ಡ್ರೈವರ್ ಕಂಪನಿಯವರು, ರಿಪೇರಿ ಕಂಪನಿದು. ಸಂಸ್ಥೆ ಕಿಲೋಮೀಟರಿಗೆ ಇಷ್ಟು ಅಂತ ದುಡ್ಡು ಕಟ್ಟುತ್ತೆ, ಕಂಡಕ್ಟರ್ ಮಾತ್ರ ಸಂಸ್ಥೆಯವರು. ಹೊಗೆ ಇಲ್ಲ, ಸದ್ದಿಲ್ಲ, ಎಲ್ಲರಿಗೂ ಖುಷಿ. ನನಗೂ ಖುಷಿಯೇ, ನನ್ನ ತಮ್ಮನ ಶ್ವಾಸಕೋಶ ನೋಡಿದೋನಿಗೆ ಹೊಗೆ ಮೇಲೆ ಪ್ರೀತಿ ಇರೋಕೆ ಸಾಧ್ಯ ಇಲ್ಲ. ಆದ್ರೆ ಆ ಬಸ್ಸಿನ ಜೊತೆಗೇ ಡಿಪೋದ ಡ್ರೈವರ್ ಹುದ್ದೆ, ಮೆಕ್ಯಾನಿಕ್ ಹುದ್ದೆ ಖಾಸಗಿಗೆ ಹೋಯ್ತು. ಹುದ್ದೆ ಹೋದ ಮೇಲೆ ರೋಸ್ಟರ್ ಯಾವುದಕ್ಕೆ ಹಾಕ್ತೀರಿ? ಮೀಸಲಾತಿಯನ್ನ ಯಾರೂ ರದ್ದು ಮಾಡಲಿಲ್ಲ. ಡಿಪೋ ಗೇಟಿನ ಹೊರಗೆ ನಿಲ್ಲಿಸಿ ಬಸ್ ಒಳಗೆ ಬಿಟ್ಟುಕೊಂಡರು. ಬಸ್ ಟಿಕೆಟ್ ಬಗ್ಗೆ, ಶಕ್ತಿ ಯೋಜನೆ ಬಗ್ಗೆ ನಾನು ಎಷ್ಟು ಪೋಸ್ಟ್ ಹಾಕಿದ್ದೀನೋ ಲೆಕ್ಕ ಇಲ್ಲ. ಇದರ ಬಗ್ಗೆ ಒಂದು ಸಾಲು ಬರೆದಿರಲಿಲ್ಲ. ಆ ಗುತ್ತಿಗೆಯ ಕರಾರಿನಲ್ಲೇ ಬರೆಸಬೇಕಿತ್ತು: ರಿಪೇರಿ ತಂಡದಲ್ಲಿ ಇಷ್ಟು ಜನ ರಾಜ್ಯದ ಸರ್ಕಾರಿ ಐಟಿಐಯವರು, ಅದರಲ್ಲಿ ಪರಿಶಿಷ್ಟರು ಇಷ್ಟು, ಅಪ್ರೆಂಟಿಸ್ ಇಷ್ಟು ಅಂತ. ಸಾರ್ವಜನಿಕ ದುಡ್ಡು ಹೋಗ್ತಿದೆ ಅಂದ ಮೇಲೆ ಕೇಳೋದ್ರಲ್ಲಿ ತಪ್ಪೇನಿದೆ? ಮುಂದಿನ ಟೆಂಡರುಗಳು ಇನ್ನೂ ಬರ್ತಾ ಇವೆ, ಈಗಲೂ ಕೇಳಬಹುದು.

ಸ್ವಂತ ಗ್ಯಾರೇಜ್ ಹಾಕ್ತೀನಿ ಅನ್ನೋ ಹುಡುಗನ ಪಾಡು ನೋಡಿ. ನಮ್ಮ ನಿಗಮಗಳು ಗಾಡಿ ಓಡಿಸೋಕೆ ಕೊಡ್ತವೆ. ಐರಾವತ ಯೋಜನೆಯಲ್ಲಿ ಟ್ಯಾಕ್ಸಿಗೆ 5 ಲಕ್ಷದವರೆಗೆ ಸಬ್ಸಿಡಿ ಇತ್ತು, ಆಮೇಲೆ ಸ್ವಾವಲಂಬಿ ಸಾರಥಿ ಬಂತು. ಹುಡುಗರು ಕಾರ್ ತಗೊಂಡ್ರು, ಆ್ಯಪ್ ಕಂಪನಿಗೆ ಕಮಿಷನ್ ಕಟ್ಟಿದ್ರು, ಬ್ಯಾಂಕಿಗೆ ಕಂತು ಕಟ್ಟಿದ್ರು. ಗಾಡಿ ಕೆಟ್ಟಾಗ ಇನ್ಯಾರದೋ ಗ್ಯಾರೇಜಿಗೆ ಕಟ್ಟಿದ್ರು. ಸ್ಟೇರಿಂಗ್ ಹಿಡಿಯೋಕೆ ನಮಗೆ ಯೋಜನೆ ಇದೆ, ಅದೇ ಹೆಸರು ಹಾಕಿ ಪೇಂಟ್ ಬೂತ್‌ಗೆ, ಲಿಫ್ಟ್‌ಗೆ, ಸ್ಕ್ಯಾನರ್‌ಗೆ ಯಾಕಿಲ್ಲ? ಬೂತ್ ಇಲ್ಲದೆ ಆರೋಗ್ಯ ಇಲ್ಲ ಅಂತ ಮೇಲೇ ಹೇಳಿದೆ. ಬೂತ್ ಇಲ್ಲದೆ ಇನ್ಶೂರೆನ್ಸ್ ಕಂಪನಿಯ ಟೈ-ಅಪ್ಪೂ ಸಿಗಲ್ಲ. ಬಾಡಿ ಕೆಲಸದಲ್ಲಿ ದೊಡ್ಡ ದುಡ್ಡು ಇರೋದು ಆಕ್ಸಿಡೆಂಟ್ ಕ್ಲೇಮಲ್ಲಿ. ಗ್ರಾಹಕ ಕ್ಯಾಶ್‌ಲೆಸ್ ಕೇಳ್ತಾನೆ, ಕ್ಯಾಶ್‌ಲೆಸ್ ಬೇಕಾದ್ರೆ ಕಂಪನಿಯ ನೆಟ್‌ವರ್ಕ್ ಗ್ಯಾರೇಜ್ ಆಗಿರಬೇಕು. ಅಲ್ಲಿಗೆ ಟಾರ್ಪಲ್ ಶೆಡ್ಡಿನವನ ಪಾಲಿಗೆ ಸ್ಕ್ರ್ಯಾಚು, ಚಿಕ್ಕ ಡೆಂಟು, ಹಳೇ ಟೆಂಪೊ.

ಇದಕ್ಕೆ ಒಂದು ದಾರಿ ಇದೆ ಅನ್ಸುತ್ತೆ. ಕೆಟಿಪಿಪಿ ಕಾಯ್ದೆಗೆ ತಿದ್ದುಪಡಿ ತಂದು ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪಂಗಡಕ್ಕೆ ಶೇ 6.95 ಮೀಸಲು ಕೊಟ್ಟರು. ಮೊದಲು 50 ಲಕ್ಷದ ಕಾಮಗಾರಿವರೆಗೆ ಇತ್ತು, 2023ರಲ್ಲಿ 1 ಕೋಟಿ ಆಯ್ತು. ಆಗ ನಾವೆಲ್ಲ ರಸ್ತೆ, ಚರಂಡಿ, ಸಮುದಾಯ ಭವನ ಅಂತ ಕುಣಿದ್ವಿ. ಪ್ರತಿ ತಾಲ್ಲೂಕಲ್ಲೂ ತಹಶೀಲ್ದಾರ್ ಜೀಪಿದೆ, ಇಒ ಗಾಡಿ ಇದೆ, ಪೊಲೀಸ್ ಗಾಡಿಗಳಿವೆ, ಕಸದ ಆಟೊಗಳಿವೆ. ಕಸದ ಆಟೊ ತಳ್ಳೋರು, ತುಂಬೋರು ನಮ್ಮವರು. ಅದು ಕೆಟ್ಟಾಗ ಬಿಲ್ ಮಾಡೋನು ಬೇರೆಯವನು. ಈ ರಿಪೇರಿ ಕೆಲಸವನ್ನೂ ಮೀಸಲಿನ ಒಳಗೆ ತನ್ನಿ, ಐಟಿಐ ಸರ್ಟಿಫಿಕೇಟ್ ಇರೋ ನಮ್ಮ ಹುಡುಗರ ಗ್ಯಾರೇಜಿಗೆ ಕೊಡಿ ಅಂತ ಕೇಳೋದಕ್ಕೆ ದೊಡ್ಡ ಸಮಾವೇಶ ಬೇಕಿಲ್ಲ. ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣ ಗ್ಯಾರಂಟಿಗೆ ಹೋಯ್ತು ಅಂತ ನಾವು ಬೀದಿಗಿಳಿದ್ವಿ, ಇಳೀಲೇಬೇಕಿತ್ತು. ಆ ಹಣ ಉಳಿಸಿಕೊಂಡ್ರೆ ಏನಕ್ಕೆ ಖರ್ಚು ಮಾಡ್ಬೇಕು ಅಂತ ಯಾರಾದ್ರೂ ಕೇಳಿದ್ರೆ ನಮ್ಮ ಕೈಲೂ ಒಂದು ಪಟ್ಟಿ ಇರಬೇಕಲ್ವಾ? ನನ್ನ ಪಟ್ಟಿಯಲ್ಲಿ ತಾಲ್ಲೂಕಿಗೊಂದು ಸಾಮೂಹಿಕ ಪೇಂಟ್ ಬೂತ್ ಮೊದಲಿದೆ. ನಾಲ್ಕು ಗ್ಯಾರೇಜಿನವರು ಬಾಡಿಗೆ ಕೊಟ್ಟು ಬಳಸಬಹುದು. ನಗಬೇಡಿ.

ಆ ಹುಡುಗನ ವಿಷಯಕ್ಕೆ ಬರ್ತೀನಿ. ಗ್ಯಾರೇಜಲ್ಲಿ ಅವನನ್ನ ನೋಡಿದ ವಾರವೇ ಕರ್ಕೊಂಡು ಹೋದೆ. ಮೊದಲ ಸುತ್ತು, ಎರಡನೇ ಸುತ್ತು ಎಲ್ಲಾ ಮುಗಿದಿತ್ತು. ನಮ್ಮ ತಾಲ್ಲೂಕಲ್ಲಿ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಸೀಟು ತುಂಬಿಹೋಗಿದೆ. ಕೊನೆಗೆ ಪಕ್ಕದ ತಾಲ್ಲೂಕಲ್ಲಿ ಡೀಸೆಲ್ ಮೆಕ್ಯಾನಿಕ್ ಸಿಕ್ತು, ಒಂದು ವರ್ಷದ್ದು. ಮೇ ತಿಂಗಳಲ್ಲಿ ನಾನು ಸರಿಯಾಗಿ ಮಾತಾಡಿದ್ರೆ ಎರಡು ವರ್ಷದ್ದೇ ಸಿಗ್ತಿತ್ತು. ಅವರಮ್ಮನಿಗೆ ಇದನ್ನ ಹೇಳಿದೆ. "ಹೋಗ್ಲಿ ಬಿಡಪ್ಪಾ, ಸಿಕ್ತಲ್ಲ" ಅಂದ್ರು. ಅವರು ಹಂಗಂದಿದ್ದೇ ನನಗೆ ಜಾಸ್ತಿ ಚುಚ್ಚಿದ್ದು. ದಿನಾ ಎರಡು ಬಸ್ ಬದಲಾಯಿಸಿ ಹೋಗ್ತಿದ್ದಾನೆ. ಭಾನುವಾರ ಅದೇ ಗ್ಯಾರೇಜಿಗೆ ಹೋಗ್ತಾನೆ, ಮಾಸ್ಕ್ ನಾನು ಕೊಡಿಸಿದ್ದೀನಿ, ಹಾಕ್ಕೋತಾನೋ ಇಲ್ಲವೋ ಅಂತ ನನ್ನ ತಮ್ಮ ಹೋಗಿ ನೋಡಿ ಬರ್ತಾನೆ.

ನಿಮ್ಮಿಂದ ಮೂರು ವಿಷಯ ಬೇಕು. ನಿಮ್ಮ ತಾಲ್ಲೂಕಿನ ಐಟಿಐಯಲ್ಲಿ ಯಾವ ಯಾವ ಮೋಟಾರ್ ಟ್ರೇಡ್ ಇದೆ, ಒಂದು ವರ್ಷದ್ದೋ ಎರಡು ವರ್ಷದ್ದೋ, ಮೇಷ್ಟ್ರು ಪರ್ಮನೆಂಟೋ ಗೆಸ್ಟೋ, ನೋಡಿ ಬಂದು ಕಮೆಂಟಲ್ಲಿ ಹಾಕಿ, ಕೇಳಿ ಹೇಳಬೇಡಿ, ಹೋಗಿ ನೋಡಿ. ಡಿಪೋದಲ್ಲಿ ಅಥವಾ ಶೋರೂಮಲ್ಲಿ ಅಪ್ರೆಂಟಿಸ್ ಆಗಿದ್ದ ನಮ್ಮ ಹುಡುಗ ಹುಡುಗಿಯರು ಯಾರಾದ್ರೂ ಇದ್ರೆ ಇನ್‌ಬಾಕ್ಸಿಗೆ ಬನ್ನಿ, ಹೆಸರು ಹೊರಗೆ ಬರಲ್ಲ. ಅಪ್ರೆಂಟಿಸ್ ಮೀಸಲಾತಿ ಬಗ್ಗೆ ಆರ್‌ಟಿಐ ಅರ್ಜಿಯ ಕರಡು ನಾನು ಬರೀತಿದ್ದೀನಿ, ವಕೀಲ ಮಿತ್ರರು ಯಾರಾದ್ರೂ ಒಂದು ಸಲ ನೋಡಿಕೊಟ್ರೆ ಸೋಮವಾರ ಕೊಟ್ಟು ಬರ್ತೀನಿ.